ತಾತನನ್ನು ಮಗುಚಿದವರು

ಹಿತ್ತಲಿನ ಆವರಣದಲ್ಲಿ ತಾತ ಅಂಗಾತ ಬಿದ್ದಿತ್ತು. ಮಟಮಟ ಮಧ್ಯಾಹ್ನದ ಬಿಸಿಲು. ಹಿಂಗಾಲಲ್ಲಿ ರಕ್ತ. ಮೊದಲು ನೋಡಿದ್ದು ಅಕ್ಕ. ಅವಳ ತೀರಿಹೋದ ಗಂಡ ಅಂಗೈಯಗಲದ ಮರಿಯಿಂದ ಸಾಕಿ ತಾತ ಅಂತ ಕರೆಯುತ್ತಿದ್ದ ಗಂಡು ಆಮೆ ಅದು. ಅಕ್ಕ ದಿನಕ್ಕೊಮ್ಮೆಯಾದರೂ ಅದರ ಹತ್ತಿರ ಕೂತು ಮನೆಯ ಸುದ್ದಿ ಹೇಳುತ್ತಿದ್ದಳು.

ತಂಗಿ ಬರುವಷ್ಟರಲ್ಲಿ ಪಶುವೈದ್ಯರು ಮದ್ದು ಹಚ್ಚಿ ಹೋಗಿದ್ದರು. ಇನ್ನು ಸ್ವಲ್ಪ ಹೊತ್ತು ಹಾಗೇ ಬಿದ್ದಿದ್ದರೆ ಬಿಸಿಲಿಗೇ ಜೀವ ಹೋಗುತ್ತಿತ್ತು ಅಂದಿದ್ದರಂತೆ.

ತಂಗಿ ಸಬ್ ಇನ್ಸ್‌ಪೆಕ್ಟರ್. ಠಾಣೆಯಲ್ಲಿ ಅವಳು ಕೆಮ್ಮಿದರೂ ಎಲ್ಲರೂ ಎದ್ದು ನಿಲ್ಲುತ್ತಿದ್ದರು. ಈ ಮನೆಯಲ್ಲಿ ಮಾತ್ರ ಪುಟ್ಟಿ.

"ಸೊಸೆಯದೇ ಕೆಲಸ" ಅಂದಳು ಅಕ್ಕ. "ಕಣ್ಣಾರೆ ಕಂಡಿದ್ದೀನಿ."

ಬೆಳಗ್ಗೆ ಸೊಸೆ ಹಲಗೆ ಹಿಡಿದು ಆವರಣದೊಳಗೆ ನಿಂತಿದ್ದಳು. ತಾತನನ್ನು ಹೊಡೆಯೋಕೆ ಅಂದುಕೊಂಡು ಅಕ್ಕ ಅದನ್ನು ಕಿತ್ತುಕೊಂಡು ಮೂಲೆಗೆಸೆದಿದ್ದಳು. ಮಧ್ಯಾಹ್ನ ಹೀಗಾಗಿತ್ತು. ಅಕ್ಕ ಸೊಸೆಗೆ ಬಾಯಿಗೆ ಬಂದದ್ದನ್ನೆಲ್ಲ ಅಂದುಬಿಟ್ಟಿದ್ದಳು. ಸೊಸೆ ತುಟಿ ಪಿಟಕ್ಕೆನ್ನದೆ ಕೋಣೆ ಸೇರಿದ್ದಳು. ಮಗ ಜಗಲಿಯಲ್ಲಿ ಕೂತು ಮೊಬೈಲ್ ನೋಡುತ್ತಿದ್ದ. ಪರದೆ ಆರಿಹೋಗಿತ್ತು. ಅವನು ನೋಡುತ್ತಲೇ ಇದ್ದ.

* * *

ಪುಟ್ಟಿ ಒಬ್ಬಳೇ ಹಿತ್ತಲಿಗೆ ಹೋದಳು.

ಪಕ್ಕದ ಮನೆಯ ನಾಯಿಯೇ? ಗೋಡೆ ಎತ್ತರವಿತ್ತು. ಗೇಟಿಗೆ ಚಿಲಕವಿತ್ತು. ಮಣ್ಣಲ್ಲಿ ಒಂದೂ ಪಂಜದ ಗುರುತಿಲ್ಲ.

ಮನುಷ್ಯರು ಮಗುಚಿದ್ದರೆ ಎತ್ತಿ ತಿರುಗಿಸಿದರೆ ಮುಗಿಯಿತು. ಇಲ್ಲಿ ಗೋಡೆಯುದ್ದಕ್ಕೂ ನೆಲ ಉತ್ತ ಹಾಗಿತ್ತು. ಅಟ್ಟಿಸಿಕೊಂಡು ಹೋದದ್ದು, ಮೂಲೆಗೆ ಒತ್ತಿದ್ದು, ಎಲ್ಲ ಮಣ್ಣಲ್ಲೇ ಕಾಣುತ್ತಿತ್ತು.

ಅತ್ತ ನೆರಳಲ್ಲಿ ರಾಣಿ ನಿಶ್ಚಿಂತೆಯಿಂದ ಸೊಪ್ಪು ಮೇಯುತ್ತಿತ್ತು. ತಾತನಿಗೆ ಜೊತೆಯಾಗಲಿ ಅಂತ ಕೆಲವು ತಿಂಗಳ ಹಿಂದೆ ಮಗ ತಂದಿದ್ದ ಆಮೆ. ಪುಟ್ಟಿ ಅದನ್ನೆತ್ತಿ ಹೊಟ್ಟೆ ನೋಡಿದಳು. ಆಮೇಲೆ ಬಾಲ ನೋಡಿದಳು. ಫೋಟೊ ತೆಗೆದು ಪಶುವೈದ್ಯರಿಗೆ ಕಳಿಸಿ, ಫೋನಲ್ಲಿ ಮಾತಾಡಿದಳು.

ಮೂಲೆಯಲ್ಲಿ ಆ ಹಲಗೆ ಬಿದ್ದಿತ್ತು. ಆವರಣದ ಅಗಲಕ್ಕೆ ಸರಿಯಾಗಿ ಮೆಷಿನ್ನಲ್ಲಿ ಕೊಯ್ದದ್ದು. ಅದು ನಿಲ್ಲಲೆಂದು ಎರಡೂ ಗೋಡೆಗೆ ಮರದ ಪಟ್ಟಿ ಹೊಡೆದಿತ್ತು.

ಅವಳು ಸೊಸೆಯ ಕೋಣೆಯ ಬಾಗಿಲು ತಟ್ಟಿದಳು.

"ಹಲಗೆ ಯಾಕಮ್ಮ ಹಿಡಿದಿದ್ದೆ?"

"ಮಧ್ಯೆ ಅಡ್ಡ ಇಡೋಕೆ, ಚಿಕ್ಕತ್ತೆ. ಕಚ್ಚಾಡ್ತಿದ್ವು."

"ನಿನ್ನ ಅತ್ತೆಗೆ ಹೇಳಬಹುದಿತ್ತಲ್ಲ?"

ಸೊಸೆ ಬಾಗಿಲು ತೆರೆಯಲಿಲ್ಲ. ಒಳಗಿಂದಲೇ ಅಂದಳು, "ಅದನ್ನ ನಾನು ಹೇಳೋ ಹಾಗಿರಲಿಲ್ಲ."

* * *

ಜಗಲಿಯಲ್ಲಿ ಅಕ್ಕನನ್ನೂ ಕೂರಿಸಿ ಪುಟ್ಟಿ ಹೇಳಿದಳು.

"ರಾಣಿ ಗಂಡು, ಅಕ್ಕ. ಬಾಲ ಉದ್ದ, ದಪ್ಪ. ಹೊಟ್ಟೆಯ ಚಿಪ್ಪು ಒಳಕ್ಕೆ ತಗ್ಗಿದೆ. ಡಾಕ್ಟರೂ ಹೌದಂದರು."

ರಾಣಿಯ ಕತ್ತಿನ ಕೆಳಗೆ ಮುಂದಕ್ಕೆ ಚಾಚಿದ ಚಿಪ್ಪಿನ ತುದಿಯಲ್ಲಿ ಹೊಸ ಗೀರುಗಳಿದ್ದವು. ಗಂಡು ಆಮೆಗಳು ಕಾದಾಡುವಾಗ ಅದನ್ನೇ ಎದುರಾಳಿಯ ಅಡಿಗೆ ತೂರಿಸಿ ಎತ್ತಿ ಮಗುಚುತ್ತವೆ. ಎರಡು ಗಂಡುಗಳನ್ನು ಒಂದೇ ಜಾಗದಲ್ಲಿ ಬಿಟ್ಟರೆ ಅಪಾಯ ತಪ್ಪಿದ್ದಲ್ಲ. ಕೆಲವು ಸಲ ತಿಂಗಳುಗಟ್ಟಲೆ ಸುಮ್ಮನಿದ್ದು ಒಂದು ದಿನ ಮೇಲೆ ಬೀಳುತ್ತವೆ ಅಂದಿದ್ದರು ಡಾಕ್ಟರು. ಹಲಗೆ ಕಿತ್ತೆಸೆದ ಮೇಲೆ ಇಲ್ಲಿ ಆದದ್ದು ಅದೇ.

ಅಕ್ಕ ತನ್ನ ಕೈಗಳನ್ನೇ ನೋಡಿಕೊಂಡಳು.

ಪುಟ್ಟಿ ಮಗನ ಕಡೆ ತಿರುಗಿದಳು. ಅವನದು ಪೀಠೋಪಕರಣದ ಕಾರ್ಖಾನೆಯಲ್ಲಿ ಕೆಲಸ.

"ಆ ಹಲಗೆ ನೀನೇ ಮಾಡಿದ್ದಲ್ವಾ? ಗಂಡಹೆಂಡತಿ ಅಂತ ತಂದವನಿಗೆ ಅಡ್ಡಹಲಗೆ ಯಾಕೆ ಬೇಕಾಯ್ತು?"

ಅವನು ತಡೆತಡೆದು ಹೇಳಿದ. ಊರು ಬಿಡುತ್ತಿದ್ದ ಗೆಳೆಯನೊಬ್ಬ ಆಮೆಯನ್ನು ಎಲ್ಲಾದರೂ ಬಿಟ್ಟುಬಿಡುತ್ತೇನೆ ಅಂದಿದ್ದ. ಹೆಣ್ಣಾದರೆ ಮಾತ್ರ ತಾ ಅಂದಿದ್ದಳು ತಾಯಿ. ಒಂದು ಸುಳ್ಳಲ್ಲಿ ಒಂದು ಜೀವ ಉಳಿಯುತ್ತಲ್ಲ ಅನ್ನಿಸಿತು. ವಿಷಯ ಗೊತ್ತಾದ ಹೆಂಡತಿಗೆ ಬಾಯಿ ಬಿಡಬೇಡ ಅಂದಿದ್ದ.

"ಸುಳ್ಳು ಹೇಳಿದ್ದು ಆಮೆಗೋಸ್ಕರ, ಒಪ್ಪೋಣ" ಅಂದಳು ಪುಟ್ಟಿ. "ಇವತ್ತು ಅವಳು ಬೈಸಿಕೊಳ್ಳುವಾಗ ಸುಮ್ಮನಿದ್ದದ್ದು ಯಾರಿಗೋಸ್ಕರ?"

ಅವನು ಮೊಬೈಲ್ ಕೆಳಗಿಟ್ಟ.

ಅಕ್ಕ ಎದ್ದು ಸೊಸೆಯ ಬಾಗಿಲ ಮುಂದೆ ಹೋಗಿ ನೆಲದ ಮೇಲೇ ಕೂತಳು.

"ಅವೆರಡನ್ನೂ ಹೇಗೆ ಇಡಬೇಕು, ನೀನೇ ಹೇಳಮ್ಮ."

ಬಾಗಿಲು ತೆರೆಯಿತು. ಸೊಸೆಯ ಕಣ್ಣು ಕೆಂಪಾಗಿತ್ತು, ದನಿ ಮಾತ್ರ ನೆಟ್ಟಗಿತ್ತು. "ಹಲಗೆ ಸಾಲದು, ಅತ್ತೆ. ಬೇರೆ ಬೇರೆ ಜಾಗ ಬೇಕು. ಒಂದಕ್ಕೊಂದು ಕಾಣಿಸಲೂಬಾರದು."

ಮಗ ದಡಬಡಿಸಿ ಎದ್ದ. ಇಟ್ಟಿಗೆ ತರುತ್ತೇನೆ, ಈಗಲೇ ಗೋಡೆ ಕಟ್ಟುತ್ತೇನೆ ಅಂದ.

ಅಕ್ಕ ತಿರುಗಿ ನೋಡಿದಳು.

"ಗೋಡೆ ನಾನು ಕಟ್ಟಿಸ್ತೀನಿ. ನೀನು ಮೊದಲು ಇಲ್ಲಿ ಬಂದು ಇವಳ ಹತ್ತಿರ ಮಾತಾಡು."