ಫೋಟೋ ಹಿಂದೆ ಬರೆದ ಹೆಸರುಗಳು

ಮಿಷಿಗನ್‌ನ ಪ್ಲಿಮತ್‌ನಿಂದ ಶಿಕಾಗೋ ಹತ್ತಿರದ ಡೆಸ್ ಪ್ಲೇನ್ಸ್‌ಗೆ ಇನ್ನೂರ ಎಂಬತ್ತು ಮೈಲಿ. ಆ ಶನಿವಾರ ಅಷ್ಟು ದೂರ ಕಾರು ಓಡಿಸಿಕೊಂಡು ಬಂದ ತಿರುಮಲೇಶ, ದಾರಿಯಲ್ಲೇ ತನ್ನ ಮದುವೆಯ ತಿಂಗಳನ್ನೂ ನಿಶ್ಚಯ ಮಾಡಿಕೊಂಡಿದ್ದ. ಹುಡುಗಿಯನ್ನು ಕೇಳುವುದೊಂದು ಬಾಕಿ ಇತ್ತು.

ಅವನನ್ನು ಪೂರ್ತಿ ದೂರುವ ಹಾಗೂ ಇಲ್ಲ. ಗುರುವಾರ ಫೋನು ಮಾಡಿದವಳು ಇಂದುಮತಿಯೇ. "ಶನಿವಾರ ಬರಕ್ಕಾಗುತ್ತಾ? ಫೋನಲ್ಲಿ ಹೇಳೋ ಅಂಥ ವಿಷಯ ಅಲ್ಲ. ಬರೋವಾಗ ಆವತ್ತಿನ ಫೋಟೋಗಳ ನೆಗೆಟಿವ್ ಎಲ್ಲಾ ತನ್ನಿ" ಎಂದಷ್ಟೇ ಹೇಳಿ ಇಟ್ಟುಬಿಟ್ಟಿದ್ದಳು. ಆರು ವಾರದ ಹಿಂದೆ ಅವನು ಅವಳಿಗೆ ಹೇಳದೆ, ಮೈಸೂರಿನಲ್ಲಿದ್ದ ಅವಳ ತಾಯಿಗೆ ಅವಳದೊಂದು ಫೋಟೋ ಕಳಿಸಿದ್ದ. ಅದರ ಹಿಂದೆ ಕೊನೆಯ ಸಾಲಿನಲ್ಲಿ ಹೆಣ್ಣು ಕೇಳಿದ್ದ. ಅದಕ್ಕೇ ಉತ್ತರ ಬಂದಿರಬೇಕು, ನೆಗೆಟಿವ್ ಕೇಳಿದ್ದು ಫೋಟೋ ದೊಡ್ಡದು ಮಾಡಿಸುವುದಕ್ಕೆ ಇರಬೇಕು ಎಂದುಕೊಂಡ. ಪ್ರೀತಿಯಲ್ಲಿ ಬಿದ್ದವನ ಊಹೆಗಳೆಲ್ಲ ಅವನ ಕಡೆಗೇ ವಾಲುತ್ತವೆ.

ಅವಳು ಬರಹೇಳಿದ್ದು ಟೋಲ್‌ವೇ ಹೆದ್ದಾರಿಯ ಮೇಲೆ ಸೇತುವೆಯ ಹಾಗೆ ಕಟ್ಟಿದ್ದ ಹೋಟೆಲಿಗೆ. ಗಾಜಿನ ಪಕ್ಕದ ಟೇಬಲ್ಲಿನಲ್ಲಿ ಕೂತಿದ್ದಳು. ಕಾಲಡಿಯಲ್ಲಿ ಟ್ರಕ್ಕುಗಳು ಹಾದುಹೋಗುತ್ತಿದ್ದವು, ಲೋಟದ ಕಾಫಿ ಸಣ್ಣಗೆ ಅಲುಗುತ್ತಿತ್ತು. ಕಂದು ಓವರ್‌ಕೋಟು, ಒಳಗೆ ಹಸಿರು ರೇಷ್ಮೆ ಸೀರೆಯ ಅಂಚು. ಆಸ್ಪತ್ರೆಯಲ್ಲಿ ಬಿಳಿ ಕೋಟು ಹಾಕಿ ಓಡಾಡುವ ಡಾಕ್ಟರು ಇವತ್ತು ಸೀರೆ ಉಟ್ಟಿದ್ದಾಳೆ. ತಿರುಮಲೇಶನ ಎದೆ ಹಿಗ್ಗಿತು.

"ಟೈ ಯಾಕೆ?" ಅವಳ ಕಣ್ಣು ಅವನ ಕೊರಳಿನ ಮೇಲೆ ನಿಂತಿತ್ತು.

"ಸುಮ್ನೆ."

"ಇಂಟರ್‌ವ್ಯೂಗೆ ಬಂದಂಗಿದೆ."

"ಹಂಗೇ ಅನ್ಕೊಂಡ್ ಬಂದೆ. ಪಾಸಾ, ಫೇಲಾ?"

ಅವಳ ತುಟಿಯ ಒಂದು ಕೊನೆ ನಗುವುದಕ್ಕೆ ಹೊರಟಿತು. ಅಷ್ಟರಲ್ಲಿ ಬಾಗಿಲು ತೆಗೆದುಕೊಂಡು ಯಾರೋ ಒಳಗೆ ಬಂದರು. ಅವಳು ತಟ್ಟನೆ ಆ ಕಡೆ ನೋಡಿದಳು. ಮಗುವನ್ನು ಎತ್ತಿಕೊಂಡ ಅಮೆರಿಕನ್ ಹೆಂಗಸು. ಇಂದುಮತಿ ಉಸಿರು ಬಿಟ್ಟಳು. ನಗು ವಾಪಸು ಬರಲಿಲ್ಲ.

"ತಿರುಮಲೇಶ್, ನಮ್ಮಮ್ಮನಿಗೆ ಒಂದು ಫೋಟೋ ಕಳ್ಸಿದ್ರಾ?"

ಅವನ ಕಿವಿ ಬಿಸಿಯಾಯಿತು. "ಒಂದು ಫೋಟೋನೂ ಕಳ್ಸಲ್ಲ ಅಂತ ಅಮ್ಮ ಬೈತಾರೆ ಅಂದಿದ್ರಲ್ಲ... ಸಿಕ್ತಾ ಅವರಿಗೆ?"

"ಅವರಿಗೆ ಸಿಕ್ಕಿಲ್ಲ. ನಂಗೆ ಸಿಕ್ತು. ಸೋಮವಾರ ಪಾಸ್‌ಪೋರ್ಟ್ ರಿನ್ಯೂ ಮಾಡಿಸಕ್ಕೆ ಇಂಡಿಯನ್ ಕಾನ್ಸುಲೇಟ್‌ಗೆ ಹೋಗಿದ್ದೆ. ಆಫೀಸರ್ ಮೇಜಿನ ಮೇಲೆ ಇತ್ತು."

ಕೆಳಗೆ ಒಂದು ಟ್ರಕ್ಕು ಹೋಯಿತು. ತಿರುಮಲೇಶನಿಗೆ ಮದುವೆಯ ತಿಂಗಳು ಮರೆತೇಹೋಯಿತು.

ಅದು ೧೯೭೬ರ ಅಕ್ಟೋಬರ್ ಕೊನೆ. ಇಂಡಿಯಾದಲ್ಲಿ ತುರ್ತುಪರಿಸ್ಥಿತಿ ಹೇರಿ ಹದಿನಾರು ತಿಂಗಳಾಗಿತ್ತು. ಮೈಸೂರಿನಲ್ಲಿ ವಕೀಲರಾಗಿದ್ದ ಇಂದುಮತಿಯ ತಂದೆ ಪದ್ಮನಾಭರಾಯರನ್ನು ಮೊದಲ ವಾರವೇ ಪೊಲೀಸರು ಮನೆಯಿಂದ ಕರೆದುಕೊಂಡು ಹೋಗಿದ್ದರು. ಅಂದಿನಿಂದ ವಿಚಾರಣೆಯಿಲ್ಲದೆ ಬೆಂಗಳೂರಿನ ಜೈಲಿನಲ್ಲಿ ಕೂಡಿಹಾಕಿದ್ದರು. ಮುಂದಿನ ವಾರ ದೆಹಲಿಯಲ್ಲಿ ಸಂವಿಧಾನದ ದೊಡ್ಡ ತಿದ್ದುಪಡಿಗೆ ಮತದಾನ. ಅದು ಪಾಸಾದರೆ ಪಾರ್ಲಿಮೆಂಟು ಸಂವಿಧಾನವನ್ನು ಹೇಗೆ ತಿದ್ದಿದರೂ ಕೋರ್ಟು ಕೇಳುವ ಹಾಗಿರಲಿಲ್ಲ. ಬೇಡ ಎನ್ನಬೇಕಾದವರಲ್ಲಿ ಎಷ್ಟೋ ಜನ ಜೈಲಿನಲ್ಲಿದ್ದರು. ಇಪ್ಪತ್ತೊಂಬತ್ತು ವರ್ಷದ ಸ್ವಾತಂತ್ರ್ಯ. ಇಂದುಮತಿಗೂ ಅಷ್ಟೇ ವಯಸ್ಸು.

ಸೆಪ್ಟೆಂಬರಿನಲ್ಲಿ ಶಿಕಾಗೋ ಡೌನ್‌ಟೌನಿನಲ್ಲಿ ನಲವತ್ತು ಜನ ಇಂಡಿಯನ್ನರು ಆ ತಿದ್ದುಪಡಿಯ ವಿರುದ್ಧ ಬೋರ್ಡು ಹಿಡಿದು ನಿಂತಿದ್ದರು. ಗುರುತು ಸಿಕ್ಕರೆ ಪಾಸ್‌ಪೋರ್ಟ್ ಕಿತ್ತುಕೊಳ್ಳುತ್ತಾರೆಂಬ ಭಯಕ್ಕೆ ಎಲ್ಲರೂ ದಿನಸಿ ಅಂಗಡಿಯ ಕಾಗದದ ಚೀಲಕ್ಕೆ ಕಣ್ಣಿನ ತೂತು ಮಾಡಿ ತಲೆಗೆ ಹಾಕಿಕೊಂಡಿದ್ದರು. ಎಲ್ಲ ಮುಗಿದ ಮೇಲೆ ತಿರುಮಲೇಶನಲ್ಲದೆ ಇನ್ನೂ ಐದು ಜನ ಕನ್ನಡದವರು ಪಾರ್ಕಿನ ಬೆಂಚಿನಲ್ಲಿ ಕೂತು, ಚೀಲ ತೆಗೆದು, ಪದ್ಮಜಾ ತಂದಿದ್ದ ಚಿತ್ರಾನ್ನ ತಿಂದರು. ಬೋರ್ಡುಗಳು ಮೊಣಕಾಲಿಗೆ ಒರಗಿದ್ದವು. ಇಂದುಮತಿಯ ಕೂದಲು ಬೆವರಿಗೆ ಹಣೆಗಂಟಿತ್ತು, ಯಾವುದೋ ಮಾತಿಗೆ ಬಾಯಿ ತುಂಬ ನಗುತ್ತಿದ್ದಳು. ಅಷ್ಟು ಚೆಂದದ ನಗುವನ್ನು ಬಿಟ್ಟುಕೊಡುವುದು ಹೇಗೆ? ತಿರುಮಲೇಶ ಕ್ಯಾಮೆರಾ ತೆಗೆದ.

ಊರಿಗೆ ಫೋಟೋ ಕಳಿಸುವಾಗ ಹಿಂದೆ "ಎಡದಿಂದ" ಎಂದು ಶುರುಮಾಡಿ ಯಾರು ಯಾರು ಎಂದು ಬರೆಯುವುದು ನಮ್ಮವರ ಅಭ್ಯಾಸ. ಬರೆಯದಿದ್ದರೆ ಮುಂದಿನ ನಾಲ್ಕು ಕಾಗದದಲ್ಲಿ ಅದೇ ಪ್ರಶ್ನೆ. ಅವನೂ ಬರೆದ. ದುಂಡಾದ ಕನ್ನಡದಲ್ಲಿ, ಊರಿನ ಸಮೇತ: ಶ್ಯಾಮ್, ನೇಪರ್‌ವಿಲ್; ಪದ್ಮಜಾ, ನೇಪರ್‌ವಿಲ್; ಹೀಗೆ. ನಲವತ್ತು ಜನ ಚೀಲದೊಳಗೆ ಬಚ್ಚಿಟ್ಟ ಗುಟ್ಟಿಗೆ ಸ್ಟಾಂಪು ಹಚ್ಚಿ ಪೋಸ್ಟ್ ಮಾಡಿದ. ಜೈಲಿನಲ್ಲಿರುವವರ ಮನೆಗೆ ಹೋಗುವ ಕಾಗದವನ್ನು ಯಾರಾದರೂ ಒಡೆದು ನೋಡಬಹುದು ಎಂಬ ಯೋಚನೆ ಅವನಿಗೆ ಬರಲೇ ಇಲ್ಲ. ಅವನ ತಲೆಯಲ್ಲಿ ಆಗ ಇದ್ದದ್ದು ಕೊನೆಯ ಸಾಲು ಒಂದೇ.

"ಆಫೀಸರ್‌ಗೆ ಕನ್ನಡ ಬರಲ್ಲ" ಎಂದಳು ಇಂದುಮತಿ, ದನಿ ತಗ್ಗಿಸಿ. "ಫೋಟೋ ಮಗುಚಿ ಹಾಕಿ, ಓದಿ ಅಂದ. ಇವರೆಲ್ಲ ಯಾರು, ಎಲ್ಲಿರ್ತಾರೆ. ಓದಿದ್ರೆ ನಿಮ್ಮ ಪಾಸ್‌ಪೋರ್ಟ್ ಇವತ್ತೇ ಆಗುತ್ತೆ, ನಿಮ್ಮ ತಂದೆಗೆ ಹುಷಾರಿಲ್ವಂತಲ್ಲ, ಹೋಗಿ ನೋಡ್ಕೊಂಡು ಬನ್ನಿ ಅಂದ. ತುಂಬಾ ಮೆತ್ತಗೆ ಮಾತಾಡ್ತಾನೆ. ಟೀನೂ ಕೊಟ್ಟ."

"ಓದಿದ್ರಾ?"

"ಓದ್ದೆ. ಪದ್ಮಜಾನ ಶಿವಲಿಂಗಮ್ಮ ಮಾಡ್ದೆ. ನಮ್ಮ ಬೀದಿಗೆ ಹೂ ತರ್ತಿದ್ರು, ಹೋಗಿ ಆರು ವರ್ಷ ಆಯ್ತು. ಶ್ಯಾಮ್‌ಗೆ, ಸತ್ಯನಾರಾಯಣಂಗೆ, ಛಾಯಾಗೆ ನನ್ನ ಮಿಡ್ಲ್ ಸ್ಕೂಲ್ ಮೇಷ್ಟ್ರು, ಟೀಚರ್‌ಗಳ ಹೆಸರು. ಒಂದೊಂದಾಗಿ ಬರ್ಕೊಂಡ."

ಅವನಿಗೆ ನಗುವೂ ಬಂತು, ಅಳುವೂ ಬಂತು. "ನಂಬಿದ್ನಾ?"

"ಮುಂದಿನ ಬುಧವಾರ ವಾಷಿಂಗ್ಟನ್ನಿಂದ ಕನ್ನಡ ಓದೋರು ಬರ್ತಾರಂತೆ. ಅವರ ಹತ್ರಾನೂ ಒಂದ್ಸಲ ಓದಿಸ್ತೀನಿ, ಬೇಜಾರಿಲ್ಲ ತಾನೇ ಅಂದ."

ತಿರುಮಲೇಶ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ. "ನಂದೇ ತಪ್ಪು. ನಾನು ಹೋಗಿ ಹೇಳ್ತೀನಿ, ಎಲ್ಲಾ ನಾನೇ ಬರ್ದಿದ್ದು ಅಂತ—"

"ಹೇಳಿ ಏನ್ ಪ್ರಯೋಜನ? ನಿಮ್ಮ ಹೆಸರು, ಊರು ಕೆಳಗೇ ಇದೆ. ಸೈನ್ ಬೇರೆ ಮಾಡಿದೀರ." ಮೊದಲ ಸಲ ಅವಳ ದನಿಯಲ್ಲಿ ಸಿಟ್ಟು ಕಾಣಿಸಿತು. "ಏನ್ರೀ ನೀವು! ಇಷ್ಟು ಓದಿದೀರ. ಚೀಲ ಯಾಕೆ ಹಾಕ್ಕೊಂಡಿದ್ವಿ ಅಂತ ಒಂದ್ಸಲ ಯೋಚ್ನೆ ಮಾಡಬಾರ್ದಾ?"

ಅವನು ಕೋಟಿನ ಜೇಬಿನಿಂದ ನೆಗೆಟಿವ್‌ಗಳ ಲಕೋಟೆ ತೆಗೆದು ಅವಳ ಮುಂದಿಟ್ಟ.

ಅವಳು ಕೈಚೀಲದಿಂದ ಆಸ್ಪತ್ರೆಯ ಸಣ್ಣ ಕತ್ತರಿ ತೆಗೆದು ಒಂದೊಂದೇ ಪಟ್ಟಿಯನ್ನು ಖಾಲಿ ಲೋಟದೊಳಕ್ಕೆ ಚೂರು ಮಾಡುತ್ತ ಹೋದಳು. ಡಾಕ್ಟರ ಕೈ, ಚೂರೆಲ್ಲ ಒಂದೇ ಅಳತೆ. ಕೊನೆಯ ಪಟ್ಟಿಯಲ್ಲಿ ಅವಳೊಬ್ಬಳೇ ಇದ್ದಳು. ತಿರುಮಲೇಶನ ಬೆರಳು ತಾನಾಗಿ ಅದರ ಮೇಲೆ ಹೋಯಿತು.

"ಇದೊಂದು ಇರಲಿ."

"ಬೇಡ."

"ನನ್ನ ಹತ್ರ ನಿಮ್ಮದು ಬೇರೆ ಒಂದೂ ಇಲ್ಲ."

ಅವಳು ಅವನ ಬೆರಳನ್ನು ಮೆಲ್ಲಗೆ ಸರಿಸಿದಳು. ಸರಿಸಿದ ಮೇಲೂ ಅವಳ ಕೈ ಒಂದು ಕ್ಷಣ ಅಲ್ಲೇ ಇತ್ತು. ಆಮೇಲೆ ಕತ್ತರಿಸಿದಳು. "ಈಗ ನೋಡ್ಕೊಳ್ಳಿ. ಎದುರಿಗೇ ಕೂತಿದೀನಲ್ಲ."

ಅವನು ನೋಡಿದ. ಹುಬ್ಬಿನ ನಡುವೆ ಸಾಸಿವೆಯಷ್ಟು ಕುಂಕುಮ, ನಿದ್ದೆಗೆಟ್ಟ ಕಣ್ಣು, ಕಿವಿಯ ಹಿಂದೆ ಸಿಕ್ಕಿಸಿದ ಕೂದಲು. ಅವಳೂ ಕಣ್ಣು ತಗ್ಗಿಸಲಿಲ್ಲ. ಇಷ್ಟು ದಿನ ಪಿಕ್‌ನಿಕ್‌ಗಳಲ್ಲಿ ಕ್ಯಾಮೆರಾದ ಹಿಂದೆ ನಿಂತು ಕದ್ದು ನೋಡಿದ್ದೇ ನೋಡಿದ್ದು. ಹೀಗೆ ಎದುರುಬದುರಾಗಿ ನೋಡಿದ್ದು ಇದೇ ಮೊದಲು.

"ನಾಲ್ಕು ಜನಕ್ಕೂ ಈಗಲೇ ಫೋನ್ ಮಾಡಿ ಹೇಳ್ಬೇಕು" ಎಂದಳು ಅವಳೇ ಕೊನೆಗೆ. "ನೀವೇ ಹೇಳ್ಬೇಕು. ನಾನು ಹೇಳಲ್ಲ."

ಬಾಗಿಲ ಪಕ್ಕದ ಪೇ ಫೋನಿನಿಂದ ಅವನು ನಾಲ್ವರಿಗೂ ಹೇಳಿದ. ಛಾಯಾ ಅತ್ತಳು. ಸತ್ಯನಾರಾಯಣ ಅರ್ಧಕ್ಕೇ ಫೋನಿಟ್ಟ. ಶ್ಯಾಮ್, "ನಮ್ಮ ತಂಗಿ ಮದುವೆ ಜನವರೀಲಿ. ಹೋಗೋ ಹಾಗಿಲ್ಲ ಅನ್ನಿ ಹಂಗಾದ್ರೆ" ಎಂದ. ಪದ್ಮಜಾ ಮಾತ್ರ ಇಂದುಮತಿ ಹೇಗಿದ್ದಾಳೆ ಎಂದು ಕೇಳಿದಳು. ಬೈಸಿಕೊಂಡಿದ್ದರೆ ಇದಕ್ಕಿಂತ ಮೇಲಿತ್ತು ಎನ್ನಿಸಿತು ಅವನಿಗೆ.

ವಾಪಸು ಬಂದಾಗ ಇಂದುಮತಿ ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದಳು.

"ಸೂಟ್‌ಕೇಸ್ ಕಾರಲ್ಲಿದೆ. ಐದು ಗಂಟೆಗೆ ಓಹೇರ್‌ನಿಂದ ಫ್ಲೈಟು. ಪಾಸ್‌ಪೋರ್ಟ್ ಮನೇಲಿದೆ, ಬುಧವಾರ ತರ್ತೀನಿ ಅಂದಿದೀನಿ ಆಫೀಸರ್‌ಗೆ. ಆವಾಗ್ಲೂ ಕೈಚೀಲದಲ್ಲೇ ಇತ್ತು. ಇನ್ನೂ ಮೂರು ವಾರ ನಡಿಯುತ್ತೆ."

ಅವನು ಕುರ್ಚಿಯ ಬೆನ್ನು ಹಿಡಿದುಕೊಂಡ. "ಇಳಿದ ತಕ್ಷಣ ಕಿತ್ಕೋತಾರೆ. ವಾಪಸ್ ಬರಕ್ಕಾಗಲ್ಲ."

"ಗೊತ್ತು."

"ಒಳಗೂ ಹಾಕಬಹುದು."

"ಅಪ್ಪಂಗೆ ಕಿಡ್ನಿ ಕೈ ಕೊಡ್ತಿದೆ, ತಿರುಮಲೇಶ್. ಬುಧವಾರ ಆದ್ಮೇಲೆ ಇಲ್ಲಿಂದ ಹೊರಡಕ್ಕೇ ಬಿಡಲ್ಲ. ಅಪ್ಪನ್ನ ನೋಡ್ಬೇಕು ಅಂದ್ರೆ ಇವತ್ತೇ."

ತನ್ನದೊಂದು ಫೋಟೋ ಇವಳನ್ನು ಈ ಮೂಲೆಗೆ ತಂದು ನಿಲ್ಲಿಸಿತ್ತು. ಬುಧವಾರದ ನಂತರ ಅವನ ಪಾಸ್‌ಪೋರ್ಟೂ ಹೋಗುತ್ತದೆ. ಅವಳು ಬರುವ ಹಾಗಿಲ್ಲ, ಅವನು ಹೋಗುವ ಹಾಗಿಲ್ಲ.

ಇಬ್ಬರೂ ಮೆಟ್ಟಿಲಿಳಿದು ಕಾರಿನ ಹತ್ತಿರ ಬಂದರು. ನಲವತ್ತು ಡಿಗ್ರಿ ಫ್ಯಾರನ್‌ಹೀಟ್ ಚಳಿ, ಗಾಳಿ ಬೇರೆ. ಅವಳು ಕಾರಿನ ಬಾಗಿಲು ತೆಗೆಯದೆ ನಿಂತಳು.

"ಕೊನೇ ಸಾಲು ಏನು ಅಂತಾನೂ ಕೇಳ್ದ ಆಫೀಸರ್."

"ಏನಂದ್ರಿ?"

"ಆಶೀರ್ವಾದ ಕೇಳಿದಾರೆ ಅಂದೆ." ಅವಳು ಅವನ ಟೈ ನೋಡುತ್ತಲೇ ಬಾಯಿಪಾಠ ಒಪ್ಪಿಸಿದಳು: "'ನಿಮ್ಮ ಮಗಳ ಎದುರು ನಿಂತರೆ ಮಾತು ಬರುವುದಿಲ್ಲ. ಆದ್ದರಿಂದ ನಿಮ್ಮನ್ನು ಕೇಳುತ್ತಿದ್ದೇನೆ.' ಎಂಥ ಮನುಷ್ಯರ್ರೀ ನೀವು. ಅದನ್ನ ಓದಿದಾಗ ಎದುರಿಗೆ ಆ ಆಸಾಮಿ ಕೂತ್ಕೊಂಡು ನನ್ನ ಮುಖಾನೇ ನೋಡ್ತಿದ್ದ. ನಾಚ್ಕೊಳ್ಳಕ್ಕೂ ಬಿಡಲಿಲ್ಲ."

"ಇಂದುಮತಿ..."

"ಎದುರಿಗೇ ನಿಂತಿದೀನಿ. ಈಗ ಹೇಳಿ."

ಮಾತು ಬರಲಿಲ್ಲ. ಆಮೇಲೆ ಬಂತು. "ನನ್ನ ಮದುವೆ ಆಗ್ತೀರಾ?"

"ಹೂಂ" ಎಂದಳು. ಕಣ್ಣು ತುಂಬಿಕೊಂಡು ನಕ್ಕಳು. ಬೆಂಚಿನ ಮೇಲೆ ಕೂತು ನಕ್ಕಿದ್ದಳಲ್ಲ, ಅದಕ್ಕಿಂತ ಇದು ಚೆಂದವಿತ್ತು. ಅವನು ಅವಳ ತಣ್ಣಗಾದ ಕೈಯನ್ನು ತನ್ನ ಎರಡು ಕೈಯೊಳಗೆ ಇಟ್ಟುಕೊಂಡ. ಐದು ನಿಮಿಷವೋ ಹತ್ತು ನಿಮಿಷವೋ. ಆಮೇಲೆ ಅವಳು ಹೊರಟುಹೋದಳು.

ಮುಂದಿನ ವಾರ ದೆಹಲಿಯಲ್ಲಿ ತಿದ್ದುಪಡಿ ಪಾಸಾಯಿತು. ವಿರುದ್ಧ ಬಿದ್ದ ಮತ ಬೆರಳೆಣಿಕೆಯಷ್ಟು. ನವೆಂಬರಿನಲ್ಲಿ ತಿರುಮಲೇಶನಿಗೂ ಶ್ಯಾಮ್‌ಗೂ ಪಾಸ್‌ಪೋರ್ಟ್ ಒಪ್ಪಿಸಬೇಕೆಂದು ಕಾಗದ ಬಂತು. ಇಂದುಮತಿಯಿಂದ ಏನೂ ಬರಲಿಲ್ಲ.

ಡಿಸೆಂಬರಿನಲ್ಲಿ ಬಂತು. ಲಕೋಟೆಯ ಅಂಚನ್ನು ಕತ್ತರಿಸಿ ಮತ್ತೆ ಅಂಟಿಸಿದ್ದರು. ಅಂಟು ಹೊರಗೆ ಸೋರಿತ್ತು. "ಶ್ರೀ ತಿರುಮಲೇಶ ಅವರಿಗೆ, ಇಲ್ಲಿ ಎಲ್ಲರೂ ಕ್ಷೇಮ. ತಂದೆಯವರನ್ನು ಎರಡು ಸಲ ನೋಡಲು ಬಿಟ್ಟರು. ರೈಲುಗಳು ಸಮಯಕ್ಕೆ ಸರಿಯಾಗಿ ಓಡುತ್ತಿವೆ. ತಾವು ಕೇಳಿದ ವಿಷಯಕ್ಕೆ ನನ್ನ ಒಪ್ಪಿಗೆ ಇಲ್ಲ. ದಯವಿಟ್ಟು ನನಗೆ ಕಾಗದ ಬರೆಯಬೇಡಿ."

ಅವನು ಅಡುಗೆಮನೆಯಲ್ಲಿ ನಿಂತೇ ಮೂರು ಸಲ ಓದಿದ. ಅಕ್ಷರ ಅವಳದೇ, ಸಾಲು ಎಲ್ಲೂ ಸೊಟ್ಟಗಾಗಿಲ್ಲ. ಯಾರೋ ಪಕ್ಕದಲ್ಲಿ ಕೂತು ಬರೆಸಿದ್ದಾರೆ ಎಂದುಕೊಂಡ. ಹಾಗೆ ಅಂದುಕೊಂಡರೆ ಸಮಾಧಾನವೂ ಆಗುತ್ತಿತ್ತು, ಭಯವೂ ಆಗುತ್ತಿತ್ತು. ನಿಜವಾಗಿಯೂ ಬೇಡ ಎಂದೇ ಬರೆದಿದ್ದರೆ ಎಂದು ಮರುಕ್ಷಣವೇ ಅನ್ನಿಸಿತು.

ಏರೋಗ್ರಾಮ್ ಕಾಗದ ತೆಗೆದು, ಪೆನ್ನು ಬಿಚ್ಚಿ, "ಪ್ರಿಯ ಇಂದುಮತಿ" ಎಂದು ಬರೆದ. ನಾನು ಒಂದಕ್ಷರವೂ ನಂಬಿಲ್ಲ, ಎಷ್ಟು ವರ್ಷವಾದರೂ ಕಾಯುತ್ತೇನೆ ಎಂದು ಬರೆಯಬೇಕೆಂದು ಕೈ ತವಕಿಸುತ್ತಿತ್ತು. ಅದು ಅವಳನ್ನು ಮುಟ್ಟುವ ಮೊದಲು ಯಾರ ಮೇಜಿನ ಮೇಲೆ ಬೀಳುತ್ತದೆ ಎಂದು ಈ ಸಲ ಯೋಚಿಸಿದ. ಕಾಗದವನ್ನು ನಾಲ್ಕು ಚೂರು ಮಾಡಿದ. ತಾನು ಮರೆತುಬಿಟ್ಟೆ ಎಂದು ಅವಳು ತಿಳಿದುಕೊಳ್ಳಬಹುದು. ತಿಳಿದುಕೊಂಡರೂ ಸರಿ, ಬರೆಯಬಾರದು. ಅವನು ಪೆನ್ನಿನ ಮುಚ್ಚಳ ಹಾಕಿ ಕೆಲಸಕ್ಕೆ ಹೊರಟ.