ಬೆಟ್ಟದ ತಿರುವಿನಲ್ಲಿ ನಿಲ್ಲುತ್ತಿದ್ದ ಹಾಡು

"ಇದನ್ನ ರಿಪೇರಿ ಮಾಡಿದ್ದು ಯಾರ್ರೀ?"

ಧಪ್ ಎಂದು ಕೌಂಟರಿನ ಮೇಲೆ ಆಂಪ್ಲಿಫೈಯರ್ ಬಿತ್ತು. ಬೆಸುಗೆ ಹಾಕುತ್ತಿದ್ದ ಧರಣಿ ಬೆಚ್ಚಿ ತಲೆ ಎತ್ತಿದಳು. ಎದುರಿಗೆ ಒಬ್ಬ ಯುವಕ. ಬೆವರಿಗೆ ಹಣೆಗಂಟಿದ ಕೂದಲು, ಕಣ್ಣಲ್ಲಿ ಉರಿಯುವ ಸಿಟ್ಟು!

"ನಾನೇ," ಅಂದಳು.

ಅವನ ಸಿಟ್ಟು ಒಂದು ಕ್ಷಣ ತಡವರಿಸಿತು. "ನೀವಾ...? ಅಲ್ಲ, ರಿಪೇರಿ ಮಾಡೋರು ಯಾರು ಅಂತ..."

"ರಿಪೇರಿ ಮಾಡೋಳೂ ನಾನೇ. ಏನಾಯ್ತು ಹೇಳಿ."

"ಹೋದ ವಾರ ನಿಮ್ಮಲ್ಲೇ ಸರಿ ಮಾಡಿಸ್ಕೊಂಡು ಹೋಗಿದ್ದು. ಎರಡೇ ದಿನ! ಬೆಟ್ಟ ಹತ್ತುವಾಗ ಇದ್ರಲ್ಲಿ ಕೆಂಪು ಲೈಟ್ ಬಂದು ಹಾಡು ನಿಂತೋಗತ್ತೆ. ಹಾಡು ಹಾಕಿ ಡ್ರೈವರ್ರೇ ಅಂತ ಪ್ಯಾಸೆಂಜರ್‌ಗಳು ನನ್ನ ತಲೆ ತಿಂತಾರೆ!"

ಅವನ ಹೆಸರು ಶಿವಕಿರಣ್. ಕುಂಬಾರಕೊಪ್ಪಲಿನವನು, ಸ್ವಂತ ಟೂರಿಸ್ಟ್ ವ್ಯಾನು ಓಡಿಸುತ್ತಿದ್ದ. ಮೊದಲ ಸಲ ಆಂಪ್ಲಿಫೈಯರನ್ನು ಅಂಗಡಿಯ ಯಜಮಾನರೇ ಇಸಿದುಕೊಂಡಿದ್ದರಿಂದ ಇವರಿಬ್ಬರೂ ಮುಖ ನೋಡಿರಲಿಲ್ಲ.

ಅದು 2002ನೇ ಇಸವಿ. ಹೆಬ್ಬಾಳದ ಆ ಕಾರ್ ಆಡಿಯೋ ಅಂಗಡಿ ವೃಷಭೇಂದ್ರಪ್ಪನವರದು. ಧರಣಿ ಐಟಿಐ ಓದಿ, ಎರಡು ವರ್ಷ ಕಾರ್ಖಾನೆಯೊಂದರಲ್ಲಿ ಸರ್ಕ್ಯೂಟ್ ಬೋರ್ಡುಗಳಿಗೆ ಬೆಸುಗೆ ಹಾಕಿ, ಆ ಕಾರ್ಖಾನೆ ಮುಚ್ಚಿದ ಮೇಲೆ ಇಲ್ಲಿಗೆ ಬಂದಿದ್ದಳು. ಹುಡುಗಿ ಅಂತ ಕೌಂಟರಿಗೆ ನಿಲ್ಲಿಸಿದ್ದ ಯಜಮಾನರನ್ನು ಕಾಡಿ ಬೇಡಿ ರಿಪೇರಿ ಬೆಂಚು ದಕ್ಕಿಸಿಕೊಂಡು ಬರೀ ಆರು ತಿಂಗಳಾಗಿತ್ತು.

ಅವನೆದುರೇ ಆಂಪ್ಲಿಫೈಯರ್ ಬಿಚ್ಚಿದಳು. ಉಬ್ಬಿದ್ದ ಎರಡು ಕೆಪಾಸಿಟರ್ ಬದಲಾಯಿಸಿದಳು. ಬೆಂಚಿನ ಮೇಲೆ ಒಂದು ಗಂಟೆ ಜೋರಾಗಿ ಹಾಡಿತು. ಅವನು ಸ್ಟೂಲಿನ ಮೇಲೆ ಕೂತು ಅವಳ ಬೆರಳುಗಳನ್ನೇ ನೋಡುತ್ತಿದ್ದ. ಹೋಗುವಾಗ ದನಿ ಮೆತ್ತಗಾಗಿತ್ತು.

"ಆಗ ಹಂಗೆ ಕೂಗಾಡ್ಬುಟ್ಟೆ... ತಪ್ಪಾಯ್ತು ಕಣ್ರೀ."

"ಪರವಾಗಿಲ್ಲ," ಅಂದಳು. ಆದರೆ ಸಂಜೆ ಬಸ್ಸಿನಲ್ಲಿ ಕೂತಾಗ ಆ ದನಿ ಮತ್ತೆ ಮತ್ತೆ ಕಿವಿಗೆ ಬೀಳುತ್ತಿತ್ತು. ಛೇ, ನನಗೇನಾಗಿದೆ...!

ನಾಲ್ಕನೇ ದಿನ ಅವನು ಮತ್ತೆ ಬಂದ. ಅದೇ ಆಂಪ್ಲಿಫೈಯರ್, ಅದೇ ದೂರು. ಧರಣಿಯ ಎದೆ ಧಸಕ್ಕೆಂದಿತು. ಅವನನ್ನು ಕಂಡ ಖುಷಿಗೋ, ಸೋತ ಅವಮಾನಕ್ಕೋ... ಅವಳಿಗೇ ತಿಳಿಯಲಿಲ್ಲ.

ಬೆಂಚಿಗೆ ಹಾಕಿದರೆ, ಏನೂ ಆಗಿಲ್ಲವೆಂಬಂತೆ ಹಾಡುತ್ತಿದೆ!

ವೃಷಭೇಂದ್ರಪ್ಪ ಗೊಳ್ಳೆಂದು ನಕ್ಕರು. "ಇದೇನೂ ಕೆಟ್ಟಿಲ್ಲ ಕಣಮ್ಮ. ಆ ಹುಡುಗ ಬರೋದು ನಿನ್ನ ನೋಡಕ್ಕೆ!" ಮರುಕ್ಷಣವೇ ಅವರ ನಗು ಆರಿತು. "ಆದ್ರೂ ಹೇಳ್ಬುಟ್ಟಿದೀನಿ. ಇನ್ನೊಂದ್ಸಲ ಇದು ವಾಪಸ್ ಬಂದ್ರೆ ನೀನು ಮತ್ತೆ ಕೌಂಟರ್‌ಗೇ. ನನ್ನಂಗಡಿ ಹೆಸರು ಹಾಳಾಗೋದು ಬೇಡ."

ಅವಳ ಮೈಯೆಲ್ಲ ಉರಿದುಹೋಯಿತು. ಹಾಗಾದರೆ ತಾನು ಇಷ್ಟು ದಿನ ಒದ್ದಾಡಿದ್ದು ಒಂದು ತಮಾಷೆಗಾಗಿಯೇ? ನೇರ ಹೊರಗೆ ಹೋದಳು. ಶಿವಕಿರಣ್ ವ್ಯಾನಿಗೆ ಒರಗಿ ನಿಂತಿದ್ದ.

"ನನ್ನ ಕೆಲಸ ನಿಮಗೆ ಆಟನಾ?"

"ಏನ್ರೀ... ಏನಾಯ್ತು?"

"ಚೆನ್ನಾಗಿರೋದನ್ನ ಕೆಟ್ಟಿದೆ ಅಂತ ತರ್ತಿದೀರ. ಒಳಗೆ ನಗ್ತಿದಾರೆ! ಈ ಬೆಂಚಿಗೋಸ್ಕರ ನಾನೆಷ್ಟು ಕಷ್ಟಪಟ್ಟಿದೀನಿ ಗೊತ್ತಾ ನಿಮಗೆ?"

ಅವನ ಮುಖ ಬಿಳಿಚಿತು. "ನಾನು ಸುಳ್ಳು ಹೇಳ್ತಿದೀನಿ ಅಂತೀರಾ?"

"ಹೌದು!"

ಅವನು ವ್ಯಾನಿನ ಬಾಗಿಲು ತೆಗೆದ. "ಸರಿ ಬುಡಿ. ಅದನ್ನ ನೀವೇ ಇಟ್ಕೊಳ್ಳಿ."

ವ್ಯಾನು ಧೂಳೆಬ್ಬಿಸಿ ಹೊರಟುಹೋಯಿತು.

ಆಮೇಲಿನ ಮೂರು ದಿನ ಧರಣಿಗೆ ಕೂತರೂ ಸಮಾಧಾನವಿಲ್ಲ, ನಿಂತರೂ ಸಮಾಧಾನವಿಲ್ಲ. ಬಸ್ಸಿನಲ್ಲಿ ತನ್ನ ಸ್ಟಾಪು ದಾಟಿ ಮುಂದೆ ಹೋದಳು, ಅದೂ ಎರಡು ಸಲ. ಅವನು ಬಿಟ್ಟುಹೋದ ಆಂಪ್ಲಿಫೈಯರ್ ಬೆಂಚಿನ ಮೇಲೆ ಹಾಡುತ್ತಲೇ ಇತ್ತು. ನಿಲ್ಲಿಸಿದರೆ ಅವನ ಬಿಳಿಚಿದ ಮುಖ ನೆನಪಾಗುತ್ತಿತ್ತು.

ಸುಳ್ಳು ಹೇಳುವವರ ಮುಖ ಹಾಗಿರುತ್ತದೆಯೇ? ಅವನು ಹೇಳಿದ್ದೇ ನಿಜವಾಗಿದ್ದರೆ...?

'ಬೆಟ್ಟ ಹತ್ತುವಾಗ' ಅಂದಿದ್ದ. ಪ್ರತಿ ಸಲವೂ ಅದೇ ಮಾತು. ಕೈಯಲ್ಲಿದ್ದ ಸ್ಕ್ರೂಡ್ರೈವರ್ ಹಾಗೇ ನಿಂತಿತು. ಅಯ್ಯೋ... ನಾನು ನೋಡಿದ್ದೆಲ್ಲ ಆಂಪ್ಲಿಫೈಯರನ್ನು. ಗಾಡಿಯನ್ನು ಒಂದು ಸಲವೂ ನೋಡಿಲ್ಲ!

ಭಾನುವಾರ ಬೆಳಿಗ್ಗೆ ಆಂಪ್ಲಿಫೈಯರ್, ಮೀಟರು, ಸ್ಪ್ಯಾನರುಗಳನ್ನು ಚೀಲಕ್ಕೆ ತುಂಬಿಕೊಂಡು, ರಜಾದಿನ ಟೂರಿಸ್ಟ್ ಗಾಡಿಗಳೆಲ್ಲ ಅಲ್ಲಿಗೇ ಬರುತ್ತವೆಂದು ಚಾಮುಂಡಿ ಬೆಟ್ಟದ ಬಸ್ಸು ಹತ್ತಿದಳು. ಮೇಲೆ ವಾಹನಗಳು ನಿಲ್ಲುವ ಜಾಗದಲ್ಲಿ ಅವನ ವ್ಯಾನಿತ್ತು. ಅವಳನ್ನು ಕಂಡವನು ಗಾಜು ಒರೆಸುವುದನ್ನು ನಿಲ್ಲಿಸಲಿಲ್ಲ.

"ಅವತ್ತು ನಾನು ಅಂದಿದ್ದು ತಪ್ಪು ಅನ್ಸತ್ತೆ," ಅಂದಳು ಒಂದೇ ಉಸಿರಿಗೆ. "ಆದ್ರೆ ಕ್ಷಮೆ ಕೇಳೋಕೆ ಮುಂಚೆ ಗಾಡಿ ನೋಡ್ಬೇಕು."

ಅವನ ತುಟಿಯಂಚಿನಲ್ಲಿ ನಗು ಇಣುಕಿ ಮರೆಯಾಯಿತು. "ಪ್ಯಾಸೆಂಜರ್‌ಗಳು ದರ್ಶನದ ಸಾಲಲ್ಲಿದಾರೆ. ಒಂದು ಗಂಟೆ ಟೈಮಿದೆ."

ಆಂಪ್ಲಿಫೈಯರನ್ನು ಮತ್ತೆ ಸೀಟಿನ ಕೆಳಗೆ ಜೋಡಿಸಿ, ಅರ್ಧ ಬೆಟ್ಟ ಇಳಿದು ತಿರುಗಿ ಹತ್ತಿದರು. ಧರಣಿ ಆ ಸೀಟಿನ ಪಕ್ಕ ಕುಕ್ಕರುಗಾಲಿನಲ್ಲಿ ಕೂತು ಮೀಟರಿನ ವೈರುಗಳ ತುದಿಗಳನ್ನು ಆಂಪ್ಲಿಫೈಯರಿಗೆ ಒತ್ತಿ ಹಿಡಿದಿದ್ದಳು. ಹಾಡು ಜೋರಾಗಿತ್ತು. ಮೂರನೇ ತಿರುವಿನಲ್ಲಿ ವ್ಯಾನು ಕುಲುಕಿತು... ಕೆಂಪು ಲೈಟು! ಹಾಡು ನಿಂತಿತು.

"ನೋಡಿದ್ರಾ!" ಅವನು ಕೂಗಿದ.

"ನೋಡ್ದೆ! ನಿಲ್ಸಿ, ನಿಲ್ಸಿ!"

ಮೀಟರಿನಲ್ಲಿ ಹದಿಮೂರೂವರೆ ಇರಬೇಕಾದ ವೋಲ್ಟು ಒಂಬತ್ತಕ್ಕೆ ಇಳಿದುಹೋಗಿತ್ತು. ಕಪ್ಪು ಅರ್ತ್ ವೈರಿನ ಗುಂಟ ಕೈಯಾಡಿಸುತ್ತ ಹೋದಳು. ಸೀಟಿನಡಿಯ ಬೋಲ್ಟು ಬೆರಳಿಗೆ ಅಲುಗಾಡಿತು. ತಗಡಿನ ಬಣ್ಣವನ್ನು ಕೆರೆಯದೆ, ಅದರ ಮೇಲೇ ಬಿಗಿದುಬಿಟ್ಟಿದ್ದರು. ಗಾಡಿ ಕುಲುಕಿದಾಗೆಲ್ಲ ಸಂಪರ್ಕ ತಪ್ಪುತ್ತಿತ್ತು.

"ಇದನ್ನ ಫಿಟ್ ಮಾಡಿದ್ದು ಯಾರು?"

"ನಿಮ್ಮ ಯಜಮಾನ್ರೇ!"

ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಮೊದಲು ನಕ್ಕಿದ್ದು ಧರಣಿ.

ಬಣ್ಣ ಕೆರೆದು, ತಗಡು ಹೊಳೆಯುವಂತೆ ಉಜ್ಜಿ, ಬೋಲ್ಟು ಬಿಗಿದಳು. ಮತ್ತೆ ಅದೇ ತಿರುವು ಹತ್ತಿದರು. ಹಾಡು ನಿಲ್ಲಲಿಲ್ಲ. ಬೆಟ್ಟದ ಮೇಲೆ ಬಂದಾಗ ಅವನು ಎಂಜಿನ್ ಆರಿಸಿದ.

"ನಾಳೆ ನಾನೇ ಬಂದು ಯಜಮಾನ್ರಿಗೆ ಹೇಳ್ಲಾ?"

"ಬೇಡ. ನಾನು ಹುಡುಕಿದ್ದು, ನಾನೇ ಹೇಳ್ತೀನಿ." ದನಿ ತಗ್ಗಿಸಿದಳು. "ಶಿವಕಿರಣ್... ಕ್ಷಮಿಸಿ. ನೀವು ಸುಳ್ಳು ಹೇಳಿರ್ಲಿಲ್ಲ."

ಅವನು ಸ್ಟಿಯರಿಂಗ್ ಮೇಲೆ ಕೈಯೂರಿದ.

"ಪೂರ್ತಿ ನಿಜಾನೂ ಹೇಳಿರ್ಲಿಲ್ಲ ಕಣ್ರೀ. ಕೆಡ್ತಿದ್ದಿದ್ದು ನಿಜ. ಆದ್ರೆ ಮೂರನೇ ಸಲ ಬೇರೆ ಅಂಗಡಿಗೆ ಹೋಗ್ಬೋದಿತ್ತು. ನಮ್ಮ ಬೀದಿಲೇ ಒಂದಿದೆ. ಹೋಗ್ಲಿಲ್ಲ... ನಿಮ್ಮನ್ನ ನೋಡ್ಬೇಕು ಅನ್ನಿಸ್ತು. ನೀವಂದ್ರೆ ನಂಗಿಷ್ಟ ಧರಣಿ."

ಎಷ್ಟು ಬೇಕಿತ್ತು ಈ ಮಾತು! ಎಷ್ಟು ಭಯವಾಗುತ್ತಿದೆ ಈ ಮಾತಿಗೆ!

"ನಿಮ್ಮದು ಲಿಂಗ ಕಟ್ಟೋ ಮನೆ. ನಾನು ಅಶೋಕಪುರಂನ ದಲಿತ ಕೇರಿಯವಳು, ಸಣ್ಣಮಾದಯ್ಯನ ಮಗಳು. ಗೊತ್ತಿದ್ದೂ ಹೇಳ್ತಿದೀರಾ?"

"ಗೊತ್ತಿದ್ದೇ ಹೇಳ್ತಿದೀನಿ. ಸುಲಭ ಅಂತ ಹೇಳಲ್ಲ. ನಮ್ಮಮ್ಮ ಕೆಲವು ದಿನ ನನ್ನ ಜೊತೆ ಮಾತೇ ಬಿಡ್ಬೋದು." ಅವನು ತಿರುಗಿ ಅವಳ ಕಣ್ಣನ್ನೇ ನೋಡಿದ. "ನಿಮಗೆ... ಇಷ್ಟ ಇದೆಯಾ? ಅದೊಂದು ಹೇಳಿ."

ಗ್ರೀಸು ಮೆತ್ತಿದ ಬೆರಳುಗಳನ್ನು ದುಪಟ್ಟಾದ ಅಂಚಿಗೆ ಒರೆಸುತ್ತ ಧರಣಿ ಮೆಲ್ಲಗೆ ತಲೆಯಾಡಿಸಿದಳು. ಕಣ್ಣು ತುಂಬಿ ಬಂತು.

"ಇಷ್ಟ ಇಲ್ದೆ ಚೀಲ ಹೊತ್ಕೊಂಡು ಇಷ್ಟು ಮೇಲೆ ಬರ್ತಿದ್ನಾ?"

ಅವನ ಮುಖವೆಲ್ಲ ಬೆಳಗಿತು. "ನಿಮ್ಮಪ್ಪ ಯಾವತ್ತು ಮನೇಲಿರ್ತಾರೆ?"

"ಬುಧವಾರ ರಜಾ."

"ಬುಧವಾರ ಬರ್ತೀನಿ. ಅಮ್ಮ ಒಪ್ಪಿದ್ರೆ ಇಬ್ರು, ಇಲ್ದಿದ್ರೆ ಒಬ್ನೇ."

"ಅಪ್ಪ ತುಂಬಾ ಪ್ರಶ್ನೆ ಕೇಳ್ತಾರೆ..."

"ನೀವು ಪಕ್ಕದಲ್ಲಿ ಕೂತಿರ್ತೀರಾ?"

"ಕೂತಿರ್ತೀನಿ."

"ಹಂಗಾದ್ರೆ ಎಷ್ಟು ಬೇಕಾದ್ರೂ ಕೇಳ್ಲಿ ಬುಡಿ."