ಬಸ್ಸಿನ ಮುಂದೆ ದಾಟಬೇಡಿ

ಶಾಲೆಯ ಬೆಲ್ ಹೊಡೆಯುವ ಹೊತ್ತು. ಆನಂದಪುರದಲ್ಲಿ ಬಸ್ಸಿಳಿದ ಸ್ವಪ್ನಾ ಟೀಚರ್ ಅವಸರಕ್ಕೆ ಬಸ್ಸಿನ ಮುಂದಿನಿಂದಲೇ ರಸ್ತೆ ದಾಟಹೊರಟಳು. ಡ್ರೈವರ್ ಹಾರ್ನ್ ಒತ್ತಿಹಿಡಿದ.

“ಕಿವಿ ಕಿತ್ತುಹೋಗ್ಬೇಕಾ? ಮರ್ಯಾದೆ ಬೇಡ್ವಾ ನಿಮಗೆ?” ಅವಳು ತಿರುಗಿ ನಿಂತು ರೇಗಿದಳು.

ಅಷ್ಟರಲ್ಲಿ ಬಸ್ಸಿನ ಮರೆಯಿಂದ ಕಾರೊಂದು ಅವಳ ಸೆರಗು ಹಾರಿಸಿಕೊಂಡು ಹೋಯಿತು.

“ಮುಂದಿನಿಂದ ದಾಟಿದ್ರೆ ನೀವು ನಂಗೊಬ್ಬನಿಗೇ ಕಾಣ್ತೀರಿ ಮೇಡಂ,” ಎಂದ ಡ್ರೈವರ್ ಯೋಗರಾಜ್. “ಹಿಂದಿಂದ ಬರೋರಿಗಲ್ಲ.”

ಅಂದಿನಿಂದ ಅವಳು ಬಸ್ಸಿನ ಹಿಂದಿನಿಂದ, ಎಡಬಲ ನೋಡಿ ದಾಟತೊಡಗಿದಳು. ಅವಳು ಆಚೆ ಮುಟ್ಟುವ ತನಕ ಬಸ್ಸು ಕದಲುತ್ತಿರಲಿಲ್ಲ. ಕನ್ನಡಿಯಲ್ಲಿ ಎರಡು ಕಣ್ಣು ಕಾಯುತ್ತಿದ್ದವು.

“ಯೋಗಣ್ಣ, ಮೇಡಂ ದಾಟಿದ್ರು. ಈಗಾದ್ರೂ ರೈಟ್ ಹೇಳ್ಲಾ?” ಕಂಡಕ್ಟರ್ ಸಚಿನ್ ಕೂಗುತ್ತಿದ್ದ.

ರಸ್ತೆಯ ಮೇಲೆ ಚುರುಕಾಗಿರುತ್ತಿದ್ದ ಅವಳ ನಡಿಗೆ ಅಂಚಿನ ಬಿಳಿಗೆರೆ ದಾಟಿದ ಮೇಲೆ ಬೇಕೆಂದೇ ನಿಧಾನವಾಗುತ್ತಿತ್ತು.

ಆದರೆ ಖಾಸಗಿ ಬಸ್ಸಿನವರಿಗೆ ನಿಮಿಷವೆಂದರೆ ಪ್ರಾಣ. ಹಿಂದಿನ ಬಸ್ಸಿನವರು ಟೈಮಿಂಗ್ ಜಗಳ ತೆಗೆದರು. ಒಂದು ಶನಿವಾರ ಯೋಗರಾಜ್ ಕಿಟಕಿಯಿಂದ ಬಗ್ಗಿ ಹೇಳಿದ: “ಸೋಮವಾರದಿಂದ ನನ್ನನ್ನ ಹೊಸನಗರ ರೂಟಿಗೆ ಹಾಕಿದಾರೆ.”

“ನನ್ನಿಂದಲಾ?”

“ಒಂದು ನಿಮಿಷದಿಂದ.”

ಪ್ರತಿ ಮಾತನ್ನೂ ತೂಗಿ ಆಡುವ ಸ್ವಪ್ನಾ ತೂಗದೆಯೇ ಅಂದುಬಿಟ್ಟಳು: “ನಾಳೆ ಬನ್ನಿ. ಬಸ್ ಇಲ್ದೆ.”

ಭಾನುವಾರ ಅವಳು ಶಾಲೆಯ ಬದಿಯಲ್ಲಿ ಕಾದಿದ್ದಳು; ಅವನು ಎದುರು ಬದಿಯಲ್ಲಿ ನಿಂತಿದ್ದ. ಟಿಪ್ಪರ್, ಕಾರು, ಬೈಕು ಒಂದರ ಹಿಂದೊಂದು. ಒಂದು ಹೆಜ್ಜೆ ಮುಂದಿಡುತ್ತಾನೆ, ಎರಡು ಹಿಂದೆ. ಹತ್ತು ವರ್ಷ ಬಸ್ಸು ಓಡಿಸಿದ ಗಂಡಸು! ಅವಳಿಗೆ ನಗು ಬಂತು. ಅವನು ಅಂಗೈಯ ಬೆವರನ್ನು ಪ್ಯಾಂಟಿಗೆ ಒರೆಸಿಕೊಳ್ಳುವುದು ಕಂಡು ನಗು ನಿಂತಿತು. ತಾನೇ ದಾಟಿ ಅವನ ಬಳಿ ಹೋದಳು.

“ಸ್ಟೇರಿಂಗ್ ಬಿಟ್ಟು ನಿಂತ್ರೆ ಈ ರಸ್ತೆ ಇಷ್ಟು ಅಗಲನಾ ಮಾರಾಯ್ರೆ! ಒಬ್ರಾದ್ರೂ ನಿಲ್ಸಲ್ವಲ್ಲ!”

“ನಂಗೆ ದಿನಾ ಇಷ್ಟೇ ಅಗಲ.” ಅವನ ಮಣಿಕಟ್ಟು ಹಿಡಿದಳು. “ಆ ಲಾರಿ ಹೋಗ್ಲಿ... ಬೈಕೂ ಹೋಗ್ಲಿ... ಹ್ಞಾ, ಬನ್ನಿ.”

ಆಚೆ ಮುಟ್ಟಿದರು. ಅವಳು ಅವನ ಕೈ ಬಿಡಲಿಲ್ಲ.

“ನಾಳೆಯಿಂದ ಬಸ್ ಹೋದ ಮೇಲೇ ದಾಟ್ತೀನಿ. ನಂಗೋಸ್ಕರ ಯಾರೂ ಕಾಯೋದು ಬೇಡ.”

ಅವನ ಮುಖ ಸಣ್ಣದಾಯಿತು.

“ರಸ್ತೇಲಿ ನಾನು ಎಲ್ಲರಿಗೂ ಕಾಣ್ಬೇಕು,” ಎಂದಳು, ಈ ಸಲ ತೂಗಿಯೇ. “ಈ ಬದಿಗೆ ಬಂದ ಮೇಲೆ ನಿಮಗೊಬ್ರಿಗೇ ಕಂಡ್ರೆ ಸಾಕು.”

ಯೋಗರಾಜ್ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಆಮೇಲೆ ಅವಳನ್ನೇ ನೋಡುತ್ತ ನಿಂತ.